ಷಡ್ಡಕನ ಹೆಜ್ಜೆ

ಶೂಗಳು ಒಂದು ಬಟ್ಟೆಯ ಚೀಲದಲ್ಲಿ ಬಂದಿದ್ದವು. ಅವನು ದಾರ ಬಿಚ್ಚಿ ಒಳಗೆ ಕೈ ಹಾಕಿದಾಗ ಬೆರಳಿಗೆ ತಗುಲಿದ್ದು ಚರ್ಮವಲ್ಲ, ಇನ್ನೊಬ್ಬನ ಕಾಲಿನ ಆಕಾರ ಅನ್ನಿಸಿತು. ಹಿಮ್ಮಡಿಯ ಹೊರಬದಿ ಸವೆದು, ಹೆಬ್ಬೆರಳಿನ ಕಡೆ ಉಬ್ಬಿ, ಬಿಟ್ಟುಹೋದ ಯಜಮಾನನನ್ನೇ ಕಾಯುತ್ತಿರುವ ಹಾಗೆ ಬಾಯಿ ತೆರೆದುಕೊಂಡಿದ್ದವು. ಸಿನಿಮಾದಲ್ಲಿ ಯಾರು ನಡೆದರೂ ಅವರ ಹೆಜ್ಜೆಯ ಸದ್ದನ್ನು ಈ ಕತ್ತಲೆ ಕೋಣೆಯಲ್ಲಿ, ಪರದೆ ನೋಡುತ್ತ, ಮೈಕಿನ ಮುಂದೆ ನಿಂತಲ್ಲೇ ನಡೆದು ಹೊಸದಾಗಿ ಮಾಡುವುದು ಅವನ ಕಸುಬು. ಕಳ್ಳರಿಗೆ ಕಾಲು ಕೊಟ್ಟಿದ್ದಾನೆ, ಪೊಲೀಸರಿಗೆ ಕೊಟ್ಟಿದ್ದಾನೆ, ತುಂಬಿದ ಬಸುರಿಯರಿಗೆ ಕೊಟ್ಟಿದ್ದಾನೆ, ಒಂದು ಸಲ ಕುದುರೆಗೂ ಕೊಟ್ಟಿದ್ದಾನೆ. ಯಾರ ಶೂಗಳಲ್ಲಿ ಕಾಲಿಡುವಾಗಲೂ ಮೊದಲು ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುವ ಅಭ್ಯಾಸವಿತ್ತು. ಇವರ ಭಾರವನ್ನು ಸ್ವಲ್ಪ ಹೊತ್ತು ನಾನು ಹೊರುತ್ತೇನೆ, ಶಕ್ತಿ ಕೊಡು ತಂದೆ, ಎಂದು. ಇವತ್ತು ಆ ನಮಸ್ಕಾರ ಹಾಕದೆಯೇ ಶೂಗಳನ್ನು ನೆಲಕ್ಕಿಟ್ಟ. ಈ ಶೂಗಳು ಅವನ ಷಡ್ಡಕನವು.

ಹೆಂಡತಿಯ ತಂಗಿಯ ಗಂಡ. ಒಂದೇ ಮನೆಗೆ ಅಳಿಯಂದಿರಾದ ಇಬ್ಬರ ನಡುವೆ ರಕ್ತವಿಲ್ಲ, ಗೆಳೆತನವಾಗಬೇಕೆಂಬ ಕಟ್ಟುಪಾಡೂ ಇಲ್ಲ. ಆದರೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಅವರನ್ನು ಕೂರಿಸಿ ನೋಡುವುದನ್ನು ಜನ ಬಿಡುವುದಿಲ್ಲ. ನಿನ್ನೆ ಮೊನ್ನೆಯವರೆಗೆ ತಕ್ಕಡಿ ಅವನ ಕಡೆಗೇ ತೂಗುತ್ತಿತ್ತು. ಷಡ್ಡಕ ಬಣ್ಣದ ಅಂಗಡಿಯಲ್ಲಿ ಡಬ್ಬಿ ಎತ್ತಿಕೊಡುತ್ತಿದ್ದವನು. ಸೆಟ್ಟಿಗೆ ಬಣ್ಣ ಆರಿಸಲು ಬಂದ ನಿರ್ದೇಶಕನೊಬ್ಬ ಬಣ್ಣ ಬಿಟ್ಟು ಅವನ ಮುಖವನ್ನು ಆರಿಸಿಕೊಂಡು ಹೋದ. ದೈವ ಕೊಡುವಾಗ ಮನೆ ಬಾಗಿಲು ಕೇಳಿಕೊಂಡು ಬರುವುದಿಲ್ಲ, ಅಂಗಡಿ ಬಾಗಿಲಾದರೂ ಸರಿ ಎಂದು ಅತ್ತೆ ಅಂದಿದ್ದರು. ಹೌದು, ಹಿರಿಯ ಅಳಿಯನಾದ ಅವನೂ ಒಂದು ಕಾಲದಲ್ಲಿ ಕ್ಯಾಮೆರಾದ ಮುಂದೆ ನಿಂತಿದ್ದ. ಎಳೆ ಮೀಸೆಯ ದಿನಗಳು. ಯಾರೋ, "ಸ್ವಲ್ಪ ಪಕ್ಕಕ್ಕೆ ಸರೀರಿ" ಅಂದಿದ್ದರು. ಸರಿದವನು ಸರಿಯುತ್ತಲೇ ಬಂದು ಈ ಕೋಣೆ ಸೇರಿದ್ದ. ಅದರ ಬಗ್ಗೆ ಅವನಿಗೆ ದುಃಖವಿರಲಿಲ್ಲ. ದುಃಖವಿಲ್ಲ ಎಂದು ಎಷ್ಟೋ ವರ್ಷ ನಂಬಿದ್ದ. ಹೋದ ಭಾನುವಾರ ಅತ್ತೆಯ ಮನೆಯಲ್ಲಿ ಊಟದ ಮೇಜನ್ನು ಎರಡು ಸಲ ಒರೆಸಿ, ಒಣಗಿದೆಯೇ ಎಂದು ಅಂಗೈಯಿಂದ ಸವರಿ ನೋಡಿ, ಅದರ ಮೇಲೆ ಪೋಸ್ಟರ್ ಹರಡಿದರು. ಗೂಢಚಾರನ ಸಿನಿಮಾ. ಮಳೆಯಲ್ಲಿ ನೆನೆದ ತಲೆ, ಕೈಯಲ್ಲಿ ಪಿಸ್ತೂಲು, ಹಿಂದೆ ಉರಿಯುವ ಊರು. ನಡುವೆ, ಕಳೆದ ವರ್ಷ ಇದೇ ಮೇಜಿನ ಕಾಲಿಗೆ ಮೊಳೆ ಹೊಡೆದುಕೊಟ್ಟ ಷಡ್ಡಕ.

"ಭಾವ, ನೀವು ಬರೋವರೆಗೂ ಬಿಚ್ಚಬೇಡಿ ಅಂತ ನಾನೇ ತಡೆದಿದ್ದೆ," ಎಂದಳು ನಾದಿನಿ. ಅವಳ ಸಂತೋಷದಲ್ಲಿ ಕಪಟವಿರಲಿಲ್ಲ. ಅದೇ ಕಷ್ಟ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಇದ್ರಲ್ಲಿ ನಿಮ್ಮ ಹೆಸರೂ ಬರುತ್ತಾ?"

"ಬರುತ್ತೆ ಅತ್ತೆ. ಕೊನೇಲಿ."

"ಕೊನೇಲಿ ಅಂದ್ರೆ? ನಾವೆಲ್ಲ ಎದ್ದು ಕುರ್ಚಿ ಕೆಳಗೆ ಚಪ್ಪಲಿ ಹುಡುಕ್ತೀವಲ್ಲ, ಆವಾಗಲಾ?"

ಎಲ್ಲರೂ ನಕ್ಕರು. ಅವನೂ ನಕ್ಕ. ಷಡ್ಡಕ ಮಾತ್ರ ನಗಲಿಲ್ಲ, ತಲೆ ತಗ್ಗಿಸಿ ಪೋಸ್ಟರಿನ ಮಡಿಕೆ ಸರಿಮಾಡುತ್ತಿದ್ದ. ಹೆಂಡತಿ ಸೆರಗಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದನ್ನು ಅವನು ಕಡೆಗಣ್ಣಲ್ಲಿ ಕಂಡ. ಬಾಯಿ ಮುಚ್ಚದೆ ನಕ್ಕಿದ್ದರೆ ಮರೆತುಬಿಡುತ್ತಿದ್ದನೇನೋ. ಮುಚ್ಚಿಕೊಂಡದ್ದರಿಂದ ಆ ನಗು ಇನ್ನೂ ಮುಗಿದಿರಲಿಲ್ಲ. ಈಗ, ಶೂವಿನ ಮುಂದಿನ ತುದಿಗೆ ಹಳೆ ಬಟ್ಟೆ ತುರುಕುವಾಗಲೂ ಕೇಳಿಸುತ್ತಿತ್ತು. ಬಟ್ಟೆ ತುರುಕಲೇಬೇಕಾಗಿತ್ತು. ಷಡ್ಡಕನ ಕಾಲು ಅವನ ಕಾಲಿಗಿಂತ ದೊಡ್ಡದು.

"ಆಯ್ತೇನೋ ಅಲಂಕಾರ? ಮದುಮಗ ಹೊರಡೋ ಹಾಗೆ ಕಾಣ್ತಿಲ್ವಲ್ಲ," ಎಂದು ಗಾಜಿನ ಆಚೆಯಿಂದ ಕಿವಿಯಮ್ಮನ ಧ್ವನಿ ಬಂತು. ಸದ್ದು ಹಿಡಿಯುವ ಯಂತ್ರದ ಮುಂದೆ ಅವಳು ಕೂತು ಎಷ್ಟೋ ಕಾಲವಾಗಿತ್ತು. ಅವಳ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತು. ಪಕ್ಕದ ಕೋಣೆಯಲ್ಲಿ ಯಾರಾದರೂ ಸುಳ್ಳು ಹೇಳಿದರೂ ಅವಳಿಗೆ ಕೇಳಿಸುತ್ತದೆ ಎಂದು ತಮಾಷೆ ಮಾಡುತ್ತಿದ್ದರು.

"ಹಾಕಿ," ಎಂದ.

ದೀಪ ಆರಿತು. ಪರದೆಯ ಮೇಲೆ ಒಂದು ಉದ್ದನೆಯ ಓಣಿ. ಸತ್ತನೆಂದು ಎಲ್ಲರೂ ನಂಬಿದ ಗೂಢಚಾರ ಹಿಂತಿರುಗಿ ಬರುತ್ತಾನೆ. ಅವನನ್ನು ಸಾಯಲು ಕಳಿಸಿದವರು ಓಣಿಯ ತುದಿಯ ಕೋಣೆಯಲ್ಲಿ ಕೂತಿದ್ದಾರೆ. ಅವರ ಬಾಗಿಲಿನವರೆಗೆ ಅವನು ನಡೆಯಬೇಕು, ಅಷ್ಟೆ. ಮೊದಲು ಪೂರ್ತಿ ಕತ್ತಲು. ಮುಂದೆ ಒಂದೊಂದಾಗಿ ದೀಪಗಳು, ಪ್ರತಿ ದೀಪದ ಕೆಳಗೆ ಮುಖ ಒಂದು ಕ್ಷಣ ಕಂಡು ಮತ್ತೆ ಮುಳುಗುತ್ತದೆ. ಹೊಸ ನಾಯಕನನ್ನು ಜನರಿಗೆ ಒಪ್ಪಿಸುವ ದೃಶ್ಯ ಇದೇ. ಇಲ್ಲಿ ವಾದ್ಯ ಬೇಡ, ಮಾತು ಬೇಡ, ಬರೀ ಹೆಜ್ಜೆ ಸಾಕು ಎಂದು ನಿರ್ದೇಶಕ ಹಟ ಹಿಡಿದಿದ್ದ. "ಜನ ಇವನ ಮುಖ ನೋಡೋಕೆ ಮೊದಲು ಇವನ ಕಾಲಿಗೆ ಹೆದರಬೇಕು" ಅಂದಿದ್ದ. ಹೆದರಿಸಬೇಕಾದ ಕಾಲು ಯಾರದೆಂದು ಯೋಚಿಸಿದಾಗ ಅವನಿಗೆ ಮೊದಲ ದಿನ ನಗು ಬಂದಿತ್ತು. ಈಗ ಚಪ್ಪಡಿ ಕಲ್ಲಿನ ಮೇಲೆ ನಿಂತು, ಪರದೆಯತ್ತ ಕಣ್ಣಿಟ್ಟು, ಹೆಜ್ಜೆ ಹಾಕತೊಡಗಿದ.

ಕಸುಬು ಕಲಿಸಿದ ಗುರುಗಳು ಹೇಳಿಕೊಟ್ಟ ಮೊದಲ ಪಾಠ ಒಂದಿತ್ತು: ಪರದೆಯಲ್ಲಿ ನಡೆಯುವವನ ಕಾಲು ನೋಡಬಾರದು, ಕಾಲು ನೆಲ ಮುಟ್ಟಿದ್ದು ಕಂಡು ನೀನು ಕಾಲಿಟ್ಟರೆ ಆಗಲೇ ತಡ. ಭುಜ ನೋಡು. ಹೆಜ್ಜೆ ಹುಟ್ಟುವುದು ಭುಜದಲ್ಲಿ. ಆ ಪಾಠ ಎಷ್ಟು ಇಂಗಿಹೋಗಿತ್ತೆಂದರೆ ಅದನ್ನು ಪಾಠವೆಂದೇ ಅವನು ಮರೆತಿದ್ದ. ಬೀದಿಯಲ್ಲಿ ಎದುರು ಬಂದವರ ಭುಜವನ್ನೇ ನೋಡುತ್ತಿದ್ದ, ಹೆಂಡತಿ ಮುನಿಸಿಕೊಂಡಿದ್ದಾಳೆಂದು ಅಡುಗೆಮನೆಯ ಬಾಗಿಲಲ್ಲಿ ಅವಳ ಭುಜ ನೋಡಿಯೇ ತಿಳಿಯುತ್ತಿದ್ದ. ಮೊದಲ ದೀಪದ ಕೆಳಗೆ ಷಡ್ಡಕನ ಮುಖ ಬಂತು. ಇಷ್ಟು ದೊಡ್ಡದಾಗಿ ಅವನ ಮುಖವನ್ನು ಯಾವತ್ತೂ ನೋಡಿರಲಿಲ್ಲ. ಹುಬ್ಬಿನ ಪಕ್ಕ ಒಂದು ಗಾಯದ ಗುರುತು. ಬಣ್ಣದ ಡಬ್ಬಿಯ ಮುಚ್ಚಳ ಸಿಡಿದು ಆದದ್ದು, ಮನೆಯಲ್ಲಿ ಎಲ್ಲರಿಗೂ ಗೊತ್ತು; ಪರದೆಯ ಮೇಲೆ ಅದು ಯುದ್ಧದಿಂದ ತಂದ ಗಾಯವಾಗಿತ್ತು. ಎಲ್ಲಿಂದ ಬಂತು ಇವನಿಗೆ ಈ ಮುಖ? ಎರಡನೆಯ ದೀಪ. ಈ ಕಣ್ಣುಗಳನ್ನು ಅತ್ತೆ ನೋಡುತ್ತಾರೆ, ಹೆಂಡತಿ ನೋಡುತ್ತಾಳೆ, ಗುರುತಿಲ್ಲದ ಸಾವಿರ ಜನ ನೋಡುತ್ತಾರೆ, ಕೆಳಗೆ ಕಾಲು ಯಾರದೆಂದು ಕೇಳುವವರಿಲ್ಲ. ಮೂರನೆಯ ದೀಪ. ಬಾಗಿಲು.

"ತಡ," ಎಂದಳು ಕಿವಿಯಮ್ಮ.

ಅವನಿಗೆ ಕಿವಿ ಬಿಸಿಯಾಯಿತು. ಆ ಮಾತನ್ನು ಅವಳು ಕಲಿಯುವವರಿಗೆ ಮಾತ್ರ ಹೇಳುತ್ತಿದ್ದಳು. ಇನ್ನೊಮ್ಮೆ ಮಾಡಿದ. ಮತ್ತೆ ತಡ. ಮತ್ತೊಮ್ಮೆ. ಈ ಸಲ ಅವಳು ಯಂತ್ರದಲ್ಲಿ ಒಂದೊಂದೇ ಹೆಜ್ಜೆಯನ್ನು ಎಳೆದು ಅದರದರ ಜಾಗದಲ್ಲಿ ಕೂರಿಸಲು ನೋಡಿದಳು. "ಕೂರ್ತಾ ಇಲ್ಲ ಕಣೋ. ಒಂದನ್ನ ಕೂರಿಸಿದ್ರೆ ಇನ್ನೊಂದು ಏಳುತ್ತೆ, ಹರಟೆಗೆ ಸೇರಿದ ಹೆಂಗಸರ ಹಾಗೆ," ಎಂದಳು. ಅಷ್ಟರಲ್ಲಿ ಬಾಗಿಲು ತೆಗೆದುಕೊಂಡು ನಿರ್ದೇಶಕ ಬಂದ. ನಿದ್ದೆಗೆಟ್ಟ ಕಣ್ಣಿನ ಯುವಕ. ಕುರ್ಚಿ ಇದ್ದರೂ ಗೋಡೆಗೊರಗಿ ನಿಲ್ಲುವ ಸ್ವಭಾವದವನು.

"ತೋರಿಸಿ, ತೋರಿಸಿ. ಸಂಜೆ ನಿರ್ಮಾಪಕರು ಬರ್ತಿದ್ದಾರೆ. ಈ ದೃಶ್ಯ ನೋಡೇ ಅವರು ಮುಂದಿನ ಮಾತು ಆಡೋದಂತೆ."

ತೋರಿಸಿದರು. ಓಣಿ, ಕತ್ತಲು, ಹೆಜ್ಜೆ, ದೀಪ, ಮುಖ. ಮುಗಿದ ಮೇಲೆ ನಿರ್ದೇಶಕ ಗೋಡೆ ಬಿಟ್ಟು ಪರದೆಯ ಹತ್ತಿರ ಬಂದ.

"ಇವನು ನೆಲದ ಮೇಲೇ ನಿಲ್ತಿಲ್ಲ," ಎಂದ. "ಏನೋ ತೇಲಿದ ಹಾಗೆ. ಗೂಢಚಾರ ಬಂದ ಅಂತ ಅನಿಸಲ್ಲ, ಯಾರೋ ವಿಳಾಸ ಕೇಳೋಕೆ ಬಂದ ಹಾಗಿದೆ. ಇಷ್ಟು ದಿನ ಹಿಂದೆ ವಾದ್ಯ ಇತ್ತು, ಮುಚ್ಚಿಕೊಂಡಿತ್ತು. ಈಗ ಬಯಲಾಯ್ತು ನೋಡಿ. ನಡೆಯೋಕೇ ಬರಲ್ಲ ನಮ್ಮ ಹುಡುಗನಿಗೆ."

ಅವನು ಬಾಯಿ ತೆರೆದ.

"ನಿಮ್ಮದೇನೂ ಇಲ್ಲ ಬಿಡಿ," ಎಂದ ನಿರ್ದೇಶಕ, ಅವನ ಹೆಗಲ ಮೇಲೆ ಕೈಯಿಟ್ಟು. "ನಿಮ್ಮ ಹೆಜ್ಜೆ ಎಂದಾದ್ರೂ ತಪ್ಪಿದ್ದುಂಟಾ? ಹಾಲಿನಂಥ ಕೆಲಸ ನಿಮ್ದು. ಅವನದೇ ತೊಂದರೆ. ಕರೆಸ್ತೀನಿ, ಅವನೇ ನೋಡ್ಲಿ. ನಿರ್ಮಾಪಕರಿಗೂ ಮೊದಲಿಂದ ಅನುಮಾನವೇ, ಹೊಸಬ ಬೇಡ ಅಂತ. ಎರಡನೇ ಭಾಗಕ್ಕೆ ಬೇರೆಯವರನ್ನ ನೋಡೋಣ ಅಂದ್ರೆ ನಾನು ಯಾವ ಬಾಯಲ್ಲಿ ಬೇಡ ಅನ್ನಲಿ?"

ತೆರೆದ ಬಾಯಿಯನ್ನು ಅವನು ಮುಚ್ಚಿದ. ಮುಚ್ಚಿದ್ದಕ್ಕೆ ಕಾರಣ ಹುಡುಕಬೇಕಾಗಿ ಬರಲಿಲ್ಲ, ಹೊಟ್ಟೆಯಲ್ಲಿ ಏನೋ ಮೆತ್ತಗೆ, ಬೆಚ್ಚಗೆ, ಬೆಕ್ಕು ಮಗ್ಗುಲಾದ ಹಾಗೆ ಮಗ್ಗುಲಾಯಿತು. ಗಾಜಿನ ಆಚೆ ಕಿವಿಯಮ್ಮ ಅವನನ್ನೇ ನೋಡುತ್ತಿದ್ದಳು. ಅವನು ಬಗ್ಗಿ ಶೂಗಳ ದಾರ ಬಿಚ್ಚತೊಡಗಿದ. ಬಿಚ್ಚಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಸ್ಟುಡಿಯೋದ ಹಿತ್ತಲಿನಲ್ಲಿ ಮುರಿದ ಸೆಟ್ಟುಗಳನ್ನು ಒಟ್ಟಿದ್ದರು. ಅರ್ಧ ಕೋಟೆ, ಅರ್ಧ ಆಸ್ಪತ್ರೆ, ಹಿಂದೆ ಏನೂ ಇಲ್ಲದ ಒಂದು ಬಾಗಿಲು. ಅದರ ನೆರಳಲ್ಲಿ ಕೂತು ಊಟದ ಡಬ್ಬಿ ತೆರೆದ. ಅವನ ಅಜ್ಜಿ ಹೇಳುತ್ತಿದ್ದ ಕಥೆಯೊಂದಿತ್ತು. ಒಂದು ಗುಡ್ಡ. ಕೆಳಗೆ ಹೋಗುವವರು ಕೂಗಿದರೆ ತಿರುಗಿ ಕೂಗುವುದು ಅದರ ಕೆಲಸ. ಒಂದು ದಿನ ಗುಡ್ಡಕ್ಕೆ ಬೇಜಾರು ಬಂತಂತೆ. ದೇವರೇ, ಕಂಡವರ ಮಾತನ್ನೇ ಎಷ್ಟು ಕಾಲ ಆಡಲಿ, ನನಗೂ ಒಂದು ಸ್ವಂತ ಮಾತು ಬೇಡವೇ ಅಂದಿತಂತೆ. ಅದಕ್ಕೇನಂತೆ, ಆಡು, ನಾನೇ ಕೇಳಿಸಿಕೊಳ್ಳುತ್ತೇನೆ ಎಂದು ದೇವರು ಇಳಿದು ಬಂದು ಎದುರಿನ ಕಲ್ಲಿನ ಮೇಲೆ ಕೂತ. ಗುಡ್ಡ ಯೋಚಿಸಿತು. ಇನ್ನೂ ಯೋಚಿಸುತ್ತಲೇ ಇದೆ. ದೇವರೂ ಕೂತೇ ಇದ್ದಾನೆ. ಅದಕ್ಕೇ ಮಗಾ, ಕೆಲವು ಗುಡ್ಡದ ಹತ್ತಿರ ಕೂಗಿದರೆ ತಿರುಗಿ ಏನೂ ಕೇಳಿಸುವುದಿಲ್ಲ; ಅಂಥ ಕಡೆ ಗಲಾಟೆ ಮಾಡಬೇಡ, ದೇವರು ಕಾಯುತ್ತ ಕೂತಿರುತ್ತಾನೆ. ಅಜ್ಜಿ ಇದನ್ನು ಹೇಳುವಾಗ ಅವನಿಗೆ ದೇವರ ಮೇಲೆ ಕನಿಕರ ಬರುತ್ತಿತ್ತು, ಪಾಪ ಎಷ್ಟು ಹೊತ್ತು ಕೂರಬೇಕು ಎಂದು. ಇವತ್ತು ಮೊದಲ ಸಲ ಗುಡ್ಡದ ಕಡೆಯಿಂದ ಯೋಚಿಸಿದ. ಬೆಳಿಗ್ಗೆ ಅವನಿಗೂ ಒಂದು ಸ್ವಂತ ಮಾತು ಆಡುವ ಅವಕಾಶ ಬಂದಿತ್ತು. ತಪ್ಪು ನನ್ನದು ಅನ್ನಬೇಕಾಗಿತ್ತು, ಅಷ್ಟೆ. ನಲ್ಲಿಯ ಕೆಳಗೆ ಕೈ ತೊಳೆಯುತ್ತ, ಷಡ್ಡಕನಿಗೆ ಒಳ್ಳೆಯದಾಗಲಿ ಎಂದು ಪ್ರಾರ್ಥಿಸಲು ನೋಡಿದ. ಷಡ್ಡಕನ ಹೆಸರು ಬರುವ ಜಾಗದಲ್ಲಿ ನಾಲಿಗೆ ಸ್ವಲ್ಪ ನಿಂತು ಮುಂದೆ ಹೋಯಿತು. ದೇವರ ಮುಂದೆಯೂ ತಡ.

ಫೋನ್ ಬಂತು. ಹೆಂಡತಿ.

"ರೀ, ಅಮ್ಮ ಕೇಳ್ತಿದ್ರು. ತಂಗಿ ಗಂಡನ ಹೆಜ್ಜೆ ನೀವೇ ಹಾಕೋದಂತೆ, ಹೌದಾ? ನೀವು ನಮಗೆ ಹೇಳ್ಲೇ ಇಲ್ವಲ್ಲ!"

"ಹೇಳೋಂಥದ್ದೇನಿದೆ ಅದರಲ್ಲಿ."

"ಅಯ್ಯೋ, ಇಲ್ವಾ? ತಂಗಿ ಎಲ್ಲರ ಹತ್ರನೂ ಹೇಳ್ಕೊಂಡು ತಿರುಗ್ತಿದ್ದಾಳೆ, ನಮ್ಮ ಭಾವ ಇದ್ದಾರೆ ಅಲ್ಲಿ, ಏನೂ ಭಯ ಇಲ್ಲ ಅಂತ. ಊಟ ಮಾಡಿದ್ರಾ?"

"ಮಾಡಿದೆ," ಎಂದ, ತುಂಬಿದ ಡಬ್ಬಿಯ ಮುಚ್ಚಳ ಒತ್ತುತ್ತ.

ಆಗ ಗೇಟಿನ ಕಡೆ ಸದ್ದಾಯಿತು. ಕಾವಲುಗಾರ ಎದ್ದು ನಿಂತಿದ್ದ. ಇಷ್ಟು ವರ್ಷಗಳಲ್ಲಿ ಅವನಿಗಾಗಿ ಆ ಮನುಷ್ಯ ಕಾಲು ಮಡಿಸಿ ಜಾಗ ಬಿಟ್ಟದ್ದಿದೆ, ಎದ್ದದ್ದಿಲ್ಲ. ಬಂದವನು ಷಡ್ಡಕ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ, ಕಾವಲುಗಾರನಿಗೆ ತಾನೇ ಮೊದಲು ಕೈ ಮುಗಿದ, ಮುರಿದ ಕೋಟೆಯನ್ನು ಸುತ್ತಿಕೊಂಡು ಅವನ ಹತ್ತಿರ ಬಂದು ನಿಂತ. ಮುಖ ಬಿಳಿಚಿತ್ತು.

"ಅಣ್ಣ, ನನಗೆ ನಡೆಯೋಕೆ ಬರಲ್ವಂತೆ."

ಅವನು ಡಬ್ಬಿ ಪಕ್ಕಕ್ಕಿಟ್ಟು ನೆರಳಲ್ಲಿ ಕೂತ.

"ನಿರ್ದೇಶಕರು ಅವರ ಆಫೀಸಿಗೆ ಕರೆದು ತೋರಿಸಿದ್ರು ಈಗ. ನಿಜ ಅಣ್ಣ, ನೋಡೋಕಾಗ್ಲಿಲ್ಲ. ನನ್ನ ದೇಹಕ್ಕೆ ತೂಕಾನೇ ಇಲ್ದೇ ಇರೋ ಹಾಗಿದೆ. ಬಣ್ಣದಂಗಡಿ ಕೆಲಸವನ್ನೂ ಬಿಟ್ಟು ಬಂದುಬಿಟ್ಟೆ. ಇದು ತಪ್ಪಿದ್ರೆ ಇವಳಿಗೆ ಏನು ಹೇಳ್ಲಿ?" ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನೀವು ಲೋಕದವರ ಕಾಲೆಲ್ಲ ನೋಡಿದ್ದೀರಿ. ನಾನು ನಡೀತೀನಿ, ಎಲ್ಲಿ ತಪ್ಪು ಅಂತ ಹೇಳ್ತೀರಾ?"

ಉತ್ತರಕ್ಕೆ ಕಾಯದೆ ಷಡ್ಡಕ ಆ ಹಿಂದೆ ಏನೂ ಇಲ್ಲದ ಬಾಗಿಲಿನವರೆಗೆ ನಡೆದು, ತಿರುಗಿ, ಅವನತ್ತ ನಡೆದು ಬಂದ. ಅವನು ನೋಡಿದ. ತಪ್ಪೇ ಇರಲಿಲ್ಲ. ಡಬ್ಬಿ ಹೊತ್ತು ಅಭ್ಯಾಸವಾದ ಬೆನ್ನು, ಅವಸರವಿಲ್ಲದ ಕಾಲು, ಇಟ್ಟಲ್ಲಿ ಇಟ್ಟ ಹೆಜ್ಜೆ. ಹೇಳಬೇಕಾದ ಮಾತು ಹತ್ತಿರ ಬಂದು ನಿಂತಿತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವನು ಹೇಳಿದ್ದು ಬೇರೆ.

"ಹಿಮ್ಮಡಿ ಸ್ವಲ್ಪ ಗಟ್ಟಿಯಾಗಿ ಊರಿ."

"ಹೀಗಾ?"

"ಇನ್ನೂ ಸ್ವಲ್ಪ."

ಷಡ್ಡಕ ಬಿಸಿಲಲ್ಲಿ ಹೋದ, ಬಂದ, ಹೋದ, ಬಂದ. ಶಾಲೆಯ ಮಗು ಮಗ್ಗಿ ಒಪ್ಪಿಸುವ ಶ್ರದ್ಧೆಯಿಂದ ಹಿಮ್ಮಡಿ ಊರಿದ. ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಅವನು ನೆರಳಲ್ಲಿ ಕೂತು ಸರಿ, ಹಾಗಲ್ಲ, ಹಾಂ ಸರಿ ಎನ್ನುತ್ತಿದ್ದ, ಮತ್ತು ತನ್ನ ಧ್ವನಿ ಎಷ್ಟು ಮೃದುವಾಗಿದೆಯೆಂದು ಕೇಳಿಸಿಕೊಳ್ಳುತ್ತಿದ್ದ. ಇದಕ್ಕಿಂತ ದೊಡ್ಡ ಕೆಡುಕನ್ನು ಜನ ಮಾಡಿಲ್ಲವೇ? ಮಾಡಿದ್ದಾರೆ. ಆದರೆ ಇಷ್ಟು ಮೃದುವಾಗಿ?

"ಆವತ್ತು ಆ ಓಣೀಲಿ ನಡೆಯೋವಾಗ ಏನು ನೆನಪಿಸ್ಕೊಂಡಿದ್ರಿ?" ಎಂದು ಕೇಳಿದ. ಯಾಕೆ ಕೇಳಿದನೋ ತಿಳಿಯದು, ಏನಾದರೂ ಹೇಳಿ ಆ ಹಿಮ್ಮಡಿಗಳನ್ನು ನಿಲ್ಲಿಸಬೇಕಾಗಿತ್ತು.

ಷಡ್ಡಕ ನಿಂತು ಮುಖ ಒರೆಸಿಕೊಂಡ. "ನೆನಪಾ? ಏನೂ ಇಲ್ಲ ಅಣ್ಣ. ಬರೀ ಹೆದರಿಕೆ. ಅಷ್ಟು ಜನ ನೋಡ್ತಿದ್ರಲ್ಲ, ಯಾರಾದ್ರೂ ಈಗ ಕೂಗ್ತಾರೆ, ಏ ನೀನ್ಯಾರೋ ಇಲ್ಲಿ, ನಡಿ ಆಚೆ ಅಂತಾರೆ ಅನ್ಸೋದು. ಕೂಗೋದ್ರೊಳಗೆ ಬಾಗಿಲು ಮುಟ್ಟಿಬಿಡೋಣ ಅಂತ ನಡೆದೆ." ನಕ್ಕ. "ಇವತ್ತು ಕೂಗಿಬಿಟ್ರು."

ಅವನು ತಿರುಗಿ ಕತ್ತಲೆ ಕೋಣೆಗೆ ಬಂದಾಗ ಕಿವಿಯಮ್ಮ ಒಬ್ಬಳೇ ಚಹಾ ಕುಡಿಯುತ್ತಿದ್ದಳು. ಅವನನ್ನು ಕಂಡು ಲೋಟ ಕೆಳಗಿಡಲಿಲ್ಲ.

"ಬೆಳಿಗ್ಗೆ ನಿನ್ನ ಕಣ್ಣು ಎಲ್ಲಿತ್ತು?"

"ಪರದೆ ಮೇಲೆ."

"ಪರದೆ ದೊಡ್ಡದಪ್ಪ. ಪರದೇಲಿ ಎಲ್ಲಿ?"

ಅವನು ಶೂಗಳನ್ನು ಎಳೆದುಕೊಂಡ.

"ಅತ್ತೆ ಮುಖ ನೋಡ್ತಾ ಸೊಸೆ ಹಾಲು ಉಕ್ಕಿಸಿದ ಹಾಗಾಯ್ತು ನಿನ್ನ ಕಥೆ. ನಿರ್ದೇಶಕರಿಗೆ ನಾನೇ ಹೇಳ್ಬಹುದಿತ್ತು. ನೀನು ಹೇಳ್ತೀಯ ಅಂತ ಕಾದೆ." ಚಹಾ ಒಂದು ಗುಟುಕು ಕುಡಿದಳು. "ಹೊಟ್ಟೆಕಿಚ್ಚಿಗೆ ಹೊಗೆ ಇಲ್ಲ, ಯಾರಿಗೂ ಕಾಣಲ್ಲ ಅಂತ ತಿಳ್ಕೊಂಡಿರ್ತೀವಿ ಕಣೋ. ಮೈಕಿನ ಮುಂದೆ ಎಲ್ಲ ಕೇಳುತ್ತೆ."

"ಹಾಕಿ," ಎಂದ. ಧ್ವನಿ ಒಣಗಿತ್ತು.

ಕತ್ತಲು ಬಂತು, ಓಣಿ ಬಂತು. ಮುಖವನ್ನು ನೋಡಬಾರದೆಂದು ನಿಶ್ಚಯಿಸಿದ. ನಿಶ್ಚಯಿಸಿದ್ದರಿಂದಲೇ ಮೊದಲ ಸಲ ಮುಖವೇ ಕಂಡಿತು. ನಿಲ್ಲಿಸಿ, ಮತ್ತೆ ಮೊದಲಿನಿಂದ ಹಾಕಲು ಹೇಳಿದ. ಈ ಸಲ ಕತ್ತಲೆಯಲ್ಲಿ ಭುಜದ ಅಂಚು ಕಂಡಿತು. ಎಡಭುಜ ಬಲಭುಜಕ್ಕಿಂತ ತುಸು ಮೇಲೆ. ಬೆಳಿಗ್ಗೆ ಇಷ್ಟು ಸಲ ನೋಡಿಯೂ ಇದನ್ನು ನೋಡಿರಲಿಲ್ಲ. ಅದು ಕೊಬ್ಬಿನ ಭುಜವಲ್ಲ. ಹಿಂದಿನಿಂದ ಯಾರೋ ಕೂಗಿ ನಿಲ್ಲಿಸಿಯಾರು ಎಂದು ಕಾಯುತ್ತಿರುವ ಭುಜ. ಯಾರೋ ಒಬ್ಬರು, ಸ್ವಲ್ಪ ಪಕ್ಕಕ್ಕೆ ಸರೀರಿ ಎಂದು ಈಗಲೋ ಆಗಲೋ ಅನ್ನುವರೆಂದು ಗೊತ್ತಿದ್ದೂ ಮುಂದೆ ಹೋಗುವವನ ಭುಜ. ಅಷ್ಟರಲ್ಲಿ ಅವನ ಕಾಲು ಆಗಲೇ ಕಲ್ಲಿನ ಮೇಲಿತ್ತು. ಹಾಕಿದನೆನ್ನುವುದಕ್ಕಿಂತ ಬಿದ್ದಿತೆನ್ನಬೇಕು, ಕಳಚಿದ ಹಣ್ಣು ಬಿದ್ದ ಹಾಗೆ, ಅದರ ಹೊತ್ತಿಗೆ ಅದು. ಹೆದರಿಕೆಗೂ ತೂಕವಿದೆ, ಧೈರ್ಯಕ್ಕಿಂತ ಹೆಚ್ಚೇ ಇದೆ ಎಂದು ಅವನ ಅಂಗಾಲಿಗೆ ತಿಳಿಯಿತು. ಮೊದಲ ದೀಪ ಬಂತು, ಹೋಯಿತು. ಯಾರ ಮುಖವೆಂದು ನೋಡಲಿಲ್ಲ. ಆ ಓಣಿಯ ಉದ್ದಕ್ಕೂ ಹಿರಿಯ ಅಳಿಯನಿರಲಿಲ್ಲ, ಕಿರಿಯ ಅಳಿಯನಿರಲಿಲ್ಲ. ಬಾಗಿಲಿನ ಕಡೆ ಹೋಗುವ ಒಂದು ಭಾರವಿತ್ತು, ಅದನ್ನು ಹೊರುವ ನೆಲವಿತ್ತು. ಬಾಗಿಲು ತೆರೆಯಿತು. ಅವನ ಬೆನ್ನು ಒದ್ದೆಯಾಗಿತ್ತು.

ಗಾಜಿನ ಆಚೆ ಕಿವಿಯಮ್ಮ ಯಂತ್ರ ನಿಲ್ಲಿಸಿದಳು. ಆರಿಹೋದ ಚಹಾದ ಲೋಟವನ್ನು ಮೆಲ್ಲಗೆ, ಸದ್ದಾಗದ ಹಾಗೆ ಕೆಳಗಿಟ್ಟಳು.

ಸಂಜೆ ನಿರ್ಮಾಪಕರು ಬಂದರು. ಭಾರಿ ಆಳು, ಏದುಸಿರು ಬಿಡುತ್ತ ಮೆತ್ತನೆಯ ಕುರ್ಚಿಯಲ್ಲಿ ಕೂತರು. ನಿರ್ದೇಶಕ ಎಂದಿನ ಹಾಗೆ ಗೋಡೆಗೊರಗಿದ. ಷಡ್ಡಕ ಬಾಗಿಲ ಹತ್ತಿರ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲ ದಿನ ಕೆಲಸಕ್ಕೆ ಬಂದವನ ಹಾಗೆ ನಿಂತ. ದೃಶ್ಯ ಓಡಿತು. ಕತ್ತಲೆಯಲ್ಲಿ ಮೊದಲ ಹೆಜ್ಜೆ ಬಿದ್ದಾಗ ನಿರ್ಮಾಪಕರ ಏದುಸಿರು ನಿಂತದ್ದು ಎಲ್ಲರಿಗೂ ಕೇಳಿಸಿತು. ಮುಗಿದು ದೀಪ ಹತ್ತಿತು.

"ಯಾರಪ್ಪ ಈ ಹುಡುಗ!" ಎಂದರು ನಿರ್ಮಾಪಕರು. "ನಾನು ಬೇಡ ಅಂದೋನು ಇವನೇನಾ? ನಡಿಗೆ ನೋಡ್ರಿ. ಬಂದ ಅಂದ್ರೆ ಬಂದ. ಎರಡನೇ ಭಾಗಕ್ಕೂ ಇವನೇ ಇರ್ಲಿ, ಬೇರೆ ಮಾತೇ ಬೇಡ."

"ನಾನು ಮೊದಲೇ ಹೇಳಿರ್ಲಿಲ್ವಾ ಸಾರ್," ಎಂದ ನಿರ್ದೇಶಕ. ಬೆಳಿಗ್ಗೆಯ ಮಾತು ಅವನ ಮುಖದ ಮೇಲೆ ಒಂದು ಗೆರೆಯನ್ನೂ ಬಿಟ್ಟಿರಲಿಲ್ಲ. "ಮಧ್ಯಾಹ್ನ ಸಂಕಲನದಲ್ಲಿ ಅಲ್ಲೊಂದು ಚೂರು ಇಲ್ಲೊಂದು ಚೂರು ಕತ್ತರಿಸಿದ್ವಿ, ಎದ್ದು ನಿಂತುಬಿಡ್ತು."

ಷಡ್ಡಕನಿಗೆ ತಡೆಯಲಾಗಲಿಲ್ಲ. ಕಣ್ಣು ತುಂಬಿಕೊಂಡು ಮುಂದೆ ಬಂದ. "ಎಲ್ಲ ನಮ್ಮಣ್ಣ ಮಾಡಿದ್ದು ಸಾರ್! ಮಧ್ಯಾಹ್ನ ಬಿಸಿಲಲ್ಲಿ ನಡೆಯೋಕೆ ಕಲಿಸಿಕೊಟ್ರು. ಹಿಮ್ಮಡಿ ಊರು ಅಂದ್ರು, ಊರಿದೆ. ಬೆಳಿಗ್ಗೆ ನೋಡಿದಾಗ ಎಷ್ಟು ಕೆಟ್ಟದಾಗಿತ್ತು, ಈಗ ನೋಡಿ!"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನಿರ್ಮಾಪಕರ ಹೊಟ್ಟೆ ಕುಲುಕತೊಡಗಿತು.

"ಅಯ್ಯೋ ಪುಣ್ಯಾತ್ಮ," ಎಂದ ನಿರ್ದೇಶಕ, ನಗುವಿನಲ್ಲಿ ಉಸಿರು ಸಿಗದೆ. "ಆ ದೃಶ್ಯ ತೆಗೆದು ಎಷ್ಟು ತಿಂಗಳಾಯ್ತು! ಇವತ್ತು ಮಧ್ಯಾಹ್ನ ನೀನು ಹಿಮ್ಮಡಿ ಊರಿದ್ರೆ ಅದು ಹೆಂಗಪ್ಪ ಸರಿಯಾಗುತ್ತೆ? ಇವತ್ತು ಊಟ ಮಾಡಿ, ಹೋದ ವರ್ಷದ ಹಸಿವು ಹೋಯ್ತು ಅಂದ ಹಾಗಾಯ್ತು!"

ಎಲ್ಲರೂ ನಕ್ಕರು. ಷಡ್ಡಕನೂ ನಕ್ಕ, ನಗುತ್ತಲೇ ಏನೋ ಯೋಚನೆ ಹತ್ತಿದವನ ಹಾಗೆ ನಿಧಾನವಾದ. ಹೆಜ್ಜೆ ಹಾಕಿದವನಿಗೆ ಅದು ಕಂಡಿತು. ಹುಬ್ಬಿನ ಪಕ್ಕದ ಗಾಯದ ಗುರುತು ಸ್ವಲ್ಪ ಮೇಲೆದ್ದಿತು. ಚಿತ್ರ ಅದೇ. ನಡಿಗೆ ಅದೇ. ಹಾಗಾದರೆ ಬೆಳಿಗ್ಗೆಯಿಂದ ಸಂಜೆಗೆ ಬದಲಾದದ್ದು ಏನು? ಆ ಕೋಣೆಯಲ್ಲಿದ್ದ ಅಷ್ಟು ಜನರಲ್ಲಿ ಆ ಪ್ರಶ್ನೆಯ ಹಿಂದೆ ಕೊನೆಯವರೆಗೆ ಹೋದವನು ಅವರು ಪೆದ್ದನೆಂದು ನಗುತ್ತಿದ್ದ ಒಬ್ಬನೇ. ಷಡ್ಡಕನ ಕಣ್ಣು ಪರದೆಯಿಂದ ಚಪ್ಪಡಿ ಕಲ್ಲಿಗೆ ಬಂತು, ಕಲ್ಲಿನ ಮೇಲಿದ್ದ ತನ್ನ ಶೂಗಳಿಗೆ ಬಂತು, ಅವುಗಳ ಬಾಯಿಂದ ಇಣುಕುತ್ತಿದ್ದ ಬಟ್ಟೆಗೆ ಬಂತು, ಅಲ್ಲಿಂದ ಏರಿ, ಪಕ್ಕದಲ್ಲಿ ನಿಂತಿದ್ದ ಅವನ ಮುಖದ ಮೇಲೆ ನಿಂತಿತು.

ಈಗ ಷಡ್ಡಕ ಹೇಳುತ್ತಾನೆ, ಎಂದುಕೊಂಡ ಅವನು. ಹೇಳಲಿ. ಇಷ್ಟು ಜನರ ಮುಂದೆ ಹೇಳಲಿ. ಭಯವಿತ್ತು, ಭಯದ ಅಡಿಯಲ್ಲಿ ಬಿಡುಗಡೆಯಂಥದ್ದೂ ಇತ್ತು.

ಷಡ್ಡಕ ತನ್ನ ಹಣೆಗೆ ತಾನೇ ಹೊಡೆದುಕೊಂಡ. "ಹೌದಲ್ಲ ಸಾರ್!" ಎಂದು ಎಲ್ಲರಿಗಿಂತ ಜೋರಾಗಿ ನಕ್ಕ. "ಎಂಥ ಪೆದ್ದ ನಾನು! ಬೆಳಿಗ್ಗೆ ಗಾಬರೀಲಿ ಸರಿಯಾಗಿ ನೋಡಿರ್ಲಿಲ್ಲ, ಅಷ್ಟೇ. ಆಗ್ಲೂ ಹೀಗೇ ಇತ್ತೇನೋ."

ಆ ನಗುವಿನಲ್ಲಿ ಎಲ್ಲೂ ಬಿರುಕಿರಲಿಲ್ಲ. ನಿರ್ಮಾಪಕರು ನಂಬಿದರು, ನಿರ್ದೇಶಕ ನಂಬಿದ. ಪೆದ್ದನೆಂದು ನಗಿಸಿಕೊಂಡು, ಆ ನಗುವನ್ನು ಇನ್ನೊಬ್ಬನ ಮೇಲೆ ಚಾದರದ ಹಾಗೆ ಹೊದಿಸಿ, ಅಂಚುಗಳನ್ನೂ ಒತ್ತಿಬಿಟ್ಟಿದ್ದ. ಇವನಿಗೆ ನಟನೆ ಬರುವುದಿಲ್ಲ, ಬರೀ ಮುಖ ಎಂದು ಅವನು ಹೆಂಡತಿಯ ಹತ್ತಿರ ಎಷ್ಟು ಸಲ ಹೇಳಿರಲಿಲ್ಲ? ಈಗ ಒಬ್ಬನೇ ಪ್ರೇಕ್ಷಕನಾಗಿ ಅದನ್ನು ನೋಡಿದ, ಮತ್ತು ನೋಡುವಾಗ ಎದೆಯಲ್ಲಿ ಎದ್ದದ್ದು ಕೃತಜ್ಞತೆಯಲ್ಲ ಎಂದು ತಿಳಿದು ಬೆಚ್ಚಿದ. ಮುಖ ಅವನಿಗೆ ಸಿಕ್ಕಿತು, ಇರಲಿ. ಹೆಸರು ಸಿಕ್ಕಿತು, ಇರಲಿ. ಒಳ್ಳೆಯತನದಲ್ಲಾದರೂ ಅವನು ತನಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಬಾರದಿತ್ತೇ? ತಂದೆ, ಇದನ್ನೂ ಅವನಿಗೇ ಕೊಟ್ಟೆಯಾ?

ಎಲ್ಲರೂ ಮಾತಾಡಿಕೊಂಡು ಹೊರಗೆ ಹೋದರು. ಷಡ್ಡಕ ಕೊನೆಯವನಾಗಿ ಉಳಿದು, ಅವನ ಹತ್ತಿರ ಬಂದ. ಗಾಜಿನ ಆಚೆ ಕಿವಿಯಮ್ಮ ಬೆನ್ನು ಮಾಡಿ ತಂತಿ ಸುತ್ತುತ್ತಿದ್ದಳು.

"ಮನೇಲಿ ಹೇಳಲ್ಲ ಅಣ್ಣ," ಎಂದ ಮೆಲ್ಲಗೆ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಹೋದ.

ಅವನು ನಿಂತೇ ಇದ್ದ. ಆ ಮಾತನ್ನು ಎತ್ತಿ ಹಿಡಿದು, ಸದ್ದುಗಳನ್ನು ಒರೆಗೆ ಹಚ್ಚಿ ಪಳಗಿದ ಕಿವಿಯಿಂದ, ಅದರಲ್ಲಿ ಹಗೆ ಎಲ್ಲಿದೆಯೆಂದು ಹುಡುಕಿದ. ಇರಲಿಲ್ಲ. ಮೊದಲಿನಿಂದ ಇನ್ನೊಮ್ಮೆ ಹುಡುಕಿದ. ತಿರಸ್ಕಾರವಾದರೂ ಇರಬಹುದೆಂದು, ಬರೀ ಬೇಸರವಾದರೂ ಇರಬಹುದೆಂದು ಮಾತಿನ ತುದಿಯಲ್ಲಿ, 'ಅಣ್ಣ' ಎನ್ನುವಲ್ಲಿ ಕಿವಿಗೊಟ್ಟ. ಒಂದು ಚೂರು ಸಿಕ್ಕಿದ್ದರೂ ಸಾಕಾಗಿತ್ತು. ಅದನ್ನೇ ತಲೆಯಡಿಗೆ ಇಟ್ಟುಕೊಂಡು ನಿದ್ದೆ ಮಾಡಬಹುದಾಗಿತ್ತು.